ಎಡೆ ಉಂಡವನು

ಅವ್ವ ಈಗ ರುಚಿ ನೋಡದೆ ಅಡುಗೆ ಮಾಡುತ್ತಾಳೆ ಎಂಬುದು ಧರ್ಮನಿಗೆ ಖಾತ್ರಿಯಾದದ್ದು ಆ ಬೆಳಿಗ್ಗೆ, ರೊಟ್ಟಿಯ ಜೊತೆ ಬಡಿಸಿದ್ದ ಬದನೆಕಾಯಿ ಪಲ್ಯದಲ್ಲಿ ಉಪ್ಪೇ ಇಲ್ಲದಿದ್ದಾಗ. ನಿನ್ನೆಯ ಸಾರು ಬಾಯಿಗಿಡಲಾರದಷ್ಟು ಉಪ್ಪಾಗಿತ್ತು. ಅದರ ಹಿಂದಿನ ದಿನ ಕೋಳಿಗೆ ಖಾರ ಬಿದ್ದಿರಲಿಲ್ಲ. ಅವ್ವ ರಾಮಮ್ಮನ ಕೈ ಹಾಗೆಲ್ಲ ತಪ್ಪುವ ಕೈಯಲ್ಲ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಒಂದು ಗಳಿಗೆ ಸುಮ್ಮನಿದ್ದು, ‘ಇನ್ನೊಂದ್ ಚೂರು’ ಎಂದು ತನಗೆ ತಾನೇ ಹೇಳಿಕೊಳ್ಳುವ ಹೆಂಗಸು. ಅವಳು ರುಚಿ ನೋಡದೆ ಒಲೆಯಿಂದ ಪಾತ್ರೆ ಇಳಿಸುವುದು ವರ್ಷಕ್ಕೊಂದು ದಿವಸ, ಹಿರಿಯರ ಹಬ್ಬದಲ್ಲಿ. ಅವತ್ತಿನ ಅಡುಗೆ ಸತ್ತವರದ್ದು. ಅವರು ಉಣ್ಣುವ ಮೊದಲು ಬದುಕಿರುವವರ ನಾಲಿಗೆ ಸೋಕಬಾರದು. ಹಬ್ಬ ಕಳೆದು ಇಷ್ಟು ದಿನವಾಗಿದೆ. ಆದರೂ ಅವ್ವ ತಟ್ಟೆಯನ್ನು ನೆಲಕ್ಕಿಟ್ಟು, ಬೆರಳ ತುದಿಯಿಂದ ಅವನ ಕಡೆಗೆ ತಳ್ಳಿ, ಅಡುಗೆಮನೆಯ ಬಾಗಿಲ ಮರೆಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ನಿಂತು ಅವನು ಅಗಿಯುವ ಸದ್ದನ್ನು ಕೇಳುತ್ತಾಳೆ. ಅದಕ್ಕೇ ಅವನೂ ಬೇಕೆಂದೇ ಚಪ್ಪರಿಸುತ್ತ, ಎಮ್ಮೆ ಮೆಲುಕು ಹಾಕಿದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತಾನೆ. ಮಿಲಿಟರಿಯಲ್ಲಿ ಕಲಿತ ಶಿಸ್ತೆಲ್ಲ ಹೀಗೆ ಮಣ್ಣುಪಾಲಾಯಿತು.

“ಅವ್ವ, ಪಲ್ಯಕ್ಕೆ ಉಪ್ಪಿಲ್ಲ,” ಎಂದ.

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. “ಅಲ್ಲೇ ಐತೆ, ಹಾಕ್ಕೊಳಪ್ಪ,” ಎಂದಳು ರಾಮಮ್ಮ.

ಮೊದಲಾಗಿದ್ದರೆ ‘ಕೈಯೇನ್ ಸೇದೋಗೈತೇನೋ ನಿಂಗೆ, ಹಾಕ್ಕೊಂಡ್ ತಿನ್ನು’ ಎಂದು ಬೈಯುತ್ತಿದ್ದಳು. ಈ ಮೆತ್ತನೆಯ ‘ಅಪ್ಪ’ ಎಂಬುದನ್ನು ಅವಳು ಊರ ಗುಡಿಯಲ್ಲಿ, ಗೋಡೆಯ ಮೇಲಿನ ಗಂಡನ ಫೋಟೋದ ಮುಂದೆ ಬಿಟ್ಟರೆ ಬೇರೆಲ್ಲೂ ಆಡಿದ್ದಿಲ್ಲ. ತಾಯಿಯ ಬೈಗುಳಕ್ಕಾಗಿ ಗಂಡಸೊಬ್ಬ ಹೀಗೆ ಹಸಿಯಬಹುದೆಂದು ಧರ್ಮ ಎಣಿಸಿರಲಿಲ್ಲ. ಉಪ್ಪು ಹಾಕಿಕೊಳ್ಳಲಿಲ್ಲ. ಇವತ್ತು ದೊಡ್ಡಪ್ಪ ಗಿಡ್ಡಯ್ಯನ ಜೊತೆ ಬಾಳ್ಳುಪೇಟೆಯ ಆಚೆಗಿರುವ ಅತ್ತೆಯ ಮನೆಗೆ ಹೋಗುವುದಿತ್ತು. ಅತ್ತೆಯ ಮಗಳು ಚಂದ್ರಿಕಾಳನ್ನು ಅವನಿಗೆ ಕೊಡುವುದೆಂದು ಹೋದ ಸಲದ ರಜೆಯಲ್ಲೇ ಮಾತಾಗಿತ್ತು; ಆ ಮಾತು ಇನ್ನೂ ಇದೆಯೋ ಹೋಯಿತೋ ಕೇಳಿಕೊಂಡು ಬರಬೇಕು. ಆದರೆ ಧರ್ಮನಿಗೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಇನ್ನೊಂದಿತ್ತು. ಹಬ್ಬದ ದಿನ ಬಾಗಿಲು ತೆರೆದು ಅವನನ್ನು ಕಂಡಾಗ ಎಲ್ಲರ ಮುಖದಲ್ಲೂ ಇದ್ದದ್ದು ಭಯ. ಚಂದ್ರಿಕಾಳ ಮುಖದಲ್ಲಿದ್ದದ್ದು ಭಯವಲ್ಲ. ಏನದು ಎಂದು ತಿಳಿಯದೆ ಅವನಿಗೆ ಊಟ ನಿದ್ದೆ ಯಾವುದೂ ತನ್ನದೆನಿಸುತ್ತಿರಲಿಲ್ಲ.

ಅವತ್ತು ಮಾಡಿದ್ದು ನಗಿಸುವುದಕ್ಕೆ. ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಯಾರಿಗೂ ಹೇಳಿಲ್ಲ. ಮಿಲಿಟರಿಯ ಬೇಸ್ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ಪಕ್ಕದ ಮಂಚದ ಹವಾಲ್ದಾರ ಹಗಲೆಲ್ಲ ಫೋನಿನಲ್ಲಿ ನೂರು ವರ್ಷದ ಹಿಂದಿನ ಮೂಕಿ ಚಿತ್ರಗಳನ್ನು ನೋಡುತ್ತಿದ್ದ. ಒಂದರಲ್ಲಿ ಯುದ್ಧ ಮುಗಿಸಿ ಬಂದ ಸಿಪಾಯಿಯೊಬ್ಬ ಯಾರಿಗೂ ಹೇಳದೆ ಹಿಂಬಾಗಿಲಿನಿಂದ ತನ್ನ ಹುಡುಗಿಯ ಮನೆಗೆ ನುಗ್ಗುತ್ತಾನೆ. ಯಾರೋ ನೆಂಟರಿಗೆಂದು ಜೋಡಿಸಿಟ್ಟ ಊಟವನ್ನು ಗಬಗಬನೆ ಬಾಯಿಗೆ ತುಂಬಿಕೊಳ್ಳುತ್ತಾನೆ. ಹುಡುಗಿ ಬಾಗಿಲು ತೆಗೆಯುತ್ತಾಳೆ, ಅವನು ಕೆನ್ನೆ ಉಬ್ಬಿಸಿಕೊಂಡೇ ಟೋಪಿ ಎತ್ತುತ್ತಾನೆ; ಅವಳು ಬೀಳುತ್ತಾಳೆ, ಎದ್ದು ನಗುತ್ತಾಳೆ, ಅವನ ಕೊರಳಿಗೆ ಜೋತುಬೀಳುತ್ತಾಳೆ. ಒಂದು ಮಾತಿಲ್ಲ. ಧರ್ಮ ಆ ತುಣುಕನ್ನು ಎಷ್ಟು ಸಲ ಹಾಕಿಸಿಕೊಂಡು ನೋಡಿದ್ದನೆಂದರೆ ಹವಾಲ್ದಾರನಿಗೇ ಬೇಸರ ಬಂದಿತ್ತು. ಊರ ಪಕ್ಕದ ಹೊಸಕೋಟೆಯ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಧರ್ಮನೂ ಮೂಕಾಭಿನಯ ಮಾಡುತ್ತಿದ್ದವನೇ. ಕುರುಡ ಮುಳ್ಳಿನ ಬೇಲಿ ದಾಟುವುದನ್ನು ಮಾಡಿದಾಗ, ಅಜ್ಜಿಯ ಮನೆಯಿಂದ ಅದೇ ಶಾಲೆಗೆ ಬರುತ್ತಿದ್ದ ಚಂದ್ರಿಕಾ ನಕ್ಕು ನಕ್ಕು ಬಿಕ್ಕಳಿಕೆ ಬಂದು ಹೊರಗೆ ಹೋಗಿ ನೀರು ಕುಡಿದಿದ್ದಳು. ಹುಡುಗಿಯೊಬ್ಬಳು ಹಾಗೆ ನಕ್ಕರೆ ಮುಂದಿನದೆಲ್ಲ ಆದಂತೆಯೇ ಎಂದುಕೊಂಡುಬಿಟ್ಟ, ಪಾಪ.

ಹಾಗಂತ ಅವತ್ತು ಹಬ್ಬವೆಂದು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಊರಿನವರಿಗೆಲ್ಲ ‘ಗೊತ್ತಾಗ್ಲಿಲ್ಲ, ಹಸಿದಿದ್ದೆ’ ಎಂದು ಹೇಳಿಕೊಂಡು ತಿರುಗಿದ. ಸುಳ್ಳು. ಆಲೂರಿನ ಸಂತೆಬೀದಿಯಲ್ಲಿ ಬಾಳೆ ಎಲೆಯ ಕಂತೆಗಳನ್ನು ನೋಡಿದ್ದ. ಹೊಸಕೋಟೆಯ ಬಸ್ಸಿನಲ್ಲಿ ಮೂರು ಸೀಟಿಗೊಂದು ಕೋಳಿ ಕೂಗುತ್ತಿತ್ತು. ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಹಿತ್ತಲಿಗೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಒಲೆಯಲ್ಲಿ ಕೆಂಡ ಮಾತ್ರ. ಎಲ್ಲರೂ ಮುಂದಿನ ಅಂಗಳದಲ್ಲಿ ನಿಂತಿದ್ದಾರೆ, ನಡುಮನೆಯ ಬಾಗಿಲು ಹಾಕಿದೆ. ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬಂದಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಒಳಗಿನವರು ಉಂಡಾದಮೇಲೆ ದೊಡ್ಡಪ್ಪ ಬಾಗಿಲು ತಟ್ಟಿ ತೆರೆಯುತ್ತಾನೆ, ಮೊದಲ ಮಾತು ಅವನದ್ದು. ಇದೆಲ್ಲ ಧರ್ಮ ಹುಟ್ಟಿದಾಗಿನಿಂದ ಕಂಡದ್ದು. ನಡುಮನೆಯಲ್ಲಿ ಎಲೆಗಳ ಸಾಲು ಹಾಸಿತ್ತು. ಅಜ್ಜನ ಎಲೆಗೆ ಬೀಡಿ, ಅಪ್ಪನ ಎಲೆಯ ಪಕ್ಕ ಲೋಟದಲ್ಲಿ ಬ್ರಾಂದಿ. ಸಾಲಿನ ತುದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಹತ್ತಿರವಾಗಿ, ಹೆಸರಿಲ್ಲದ ಎಲೆ. ಅದು ಊರು ಬಿಟ್ಟು ಹೋಗಿ ಇದ್ದಾರೋ ಇಲ್ಲವೋ ತಿಳಿಯದವರಿಗೆ. ಹತ್ತಿರವಾಯಿತೆಂದು ಅಲ್ಲೇ ಕೂತ. ಚೀಲ ಪಕ್ಕಕ್ಕಿಟ್ಟ. ಟೋಪಿ ಸರಿಮಾಡಿಕೊಂಡ. ಒಂದು ಕಡುಬನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಬಾಗಿಲು ತೆರೆಯುವುದನ್ನು ಕಾಯುವುದು ಅವನ ಲೆಕ್ಕ. ಆದರೆ ಎಲೆಯ ಮುಂದೆ ಕೂತ ಗಳಿಗೆಯಲ್ಲಿ ಏನೋ ಆಯಿತು. ಪಂಕ್ತಿಯಲ್ಲಿ ಕೊನೆಯವನು ಬಂದು ಕೂರುವ ತನಕ ಉಳಿದವರು ಎಲೆಗೆ ಕೈಯಿಡದೆ ಕಾಯುತ್ತಾರಲ್ಲ, ಹಾಗೆ ಆ ಕೋಣೆ ಅವನಿಗಾಗಿ ಕಾಯುತ್ತಿತ್ತು ಅನಿಸಿತು. ಅವನು ಕೈಯಿಟ್ಟ. ಎಡಗಡೆಯ ಎಲೆಗಳ ಉದ್ದಕ್ಕೂ ಒಂದು ಸಣ್ಣ ಸರಬರ ಹಬ್ಬಿತು. ಗಾಳಿಯಿರಬೇಕು ಅಂದುಕೊಂಡ, ಆದರೆ ಕಿಟಕಿ ಮುಚ್ಚಿತ್ತು. ಆಮೇಲೆ ಹಸಿವು ಬಂತು. ಆ ಹಸಿವಿನ ಮುಂದೆ ತಮಾಷೆ, ಟೋಪಿ, ಚಂದ್ರಿಕಾ ಎಲ್ಲ ಮರೆತುಹೋಯಿತು. ತಲೆ ಬಗ್ಗಿಸಿಕೊಂಡು ಉಣ್ಣತೊಡಗಿದ.

ಬಾಗಿಲು ತೆರೆದಾಗ ಹೊರಗಿನ ಬೆಳಕಿನಲ್ಲಿ ಅವರೆಲ್ಲ ಗುಂಪಾಗಿ ನಿಂತಿದ್ದರು. ಮಾತಾಡುವ ಹಾಗಿಲ್ಲವಲ್ಲ, ಹಾಗಾಗಿ ಚೀರಿದ ಬಾಯಿಗಳಿಂದಲೂ ಸದ್ದು ಬರಲಿಲ್ಲ. ಅವ್ವನ ಬಾಯಿ ತೆರೆದಿತ್ತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಟೋಪಿ ಎತ್ತಬೇಕೆಂದು ನೆನಪಾಯಿತು, ಕೈ ಏಳಲಿಲ್ಲ. ಗಿಡ್ಡಯ್ಯನೊಬ್ಬನೇ ಹೊಸ್ತಿಲು ದಾಟಿ ಬಂದ. ವರ್ಷಾವರ್ಷ ಖಾಲಿ ಕೋಣೆಗೆ ಕೈಮುಗಿದು ಕೇಳುವ ಪ್ರಶ್ನೆಯನ್ನು ಈ ಸಲ ಧರ್ಮನ ಮುಖ ನೋಡಿಕೊಂಡು, ಅದೇ ಭಕ್ತಿಯಿಂದ ಕೇಳಿದ: “ಹೊಟ್ಟೆ ತುಂಬ್ತೇನಪ್ಪ?” ಆಗ ನಗಬೇಕಿತ್ತು. ‘ನಾನು ಕಣ್ ದೊಡ್ಡಪ್ಪ’ ಅಂದಿದ್ದರೂ ಸಾಕಿತ್ತು. ಧರ್ಮ ತಲೆಯಾಡಿಸಿದ. ತುಂಬಿತು ಎಂದು, ನಿಧಾನವಾಗಿ, ದೊಡ್ಡವರು ಆಡಿಸುವ ಹಾಗೆ. ಯಾಕೆ ಹಾಗೆ ಮಾಡಿದೆ ಎಂದು ಇವತ್ತಿನವರೆಗೂ ಅವನಿಗೆ ತಿಳಿದಿಲ್ಲ. ತಲೆಯೆತ್ತಿದಾಗ ಗುಂಪಿನ ಹಿಂದೆ ಚಂದ್ರಿಕಾ ಕಂಡಳು. ಅವಳ ಮುಖ ಬೆಳಗುತ್ತಿತ್ತು. ಅಷ್ಟರಲ್ಲಿ ಅವ್ವ ಧೊಪ್ಪನೆ ಬಿದ್ದಳು, ಬಾಯಿಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು, ಯಾರೋ ಬಂದು ಅವನ ತೋಳು ಚಿವುಟಿದರು, ಬದ್ಕೇ ಅವ್ನೆ ಬದ್ಕೇ ಅವ್ನೆ ಎಂದು ಕೂಗಾಟವೆದ್ದಿತು. ಆ ಗಲಾಟೆ ಇಳಿದಮೇಲೆ ನೋಡಿದರೆ ಚಂದ್ರಿಕಾ ಇರಲಿಲ್ಲ. ಊಟವನ್ನೂ ಮಾಡದೆ ಒಬ್ಬಳೇ ಬಸ್ಸು ಹತ್ತಿ ಹೋಗಿದ್ದಳಂತೆ.

ಬದುಕಿದ್ದಾನೆ ಎಂದು ಊರು ಒಪ್ಪಿತೇನೋ ಹೌದು. ಒಪ್ಪಿದ್ದನ್ನು ದಿನಕ್ಕೊಂದು ಸಲ ಪರೀಕ್ಷೆ ಮಾಡಿಕೊಳ್ಳುತ್ತಿತ್ತು. ಹೊಸಕೋಟೆಯಲ್ಲಿ ಕ್ಷೌರದವನು ಗಲ್ಲದ ಮೇಲೆ ಸಣ್ಣಗೆ ಗಾಯ ಮಾಡಿ, ರಕ್ತ ಬಂದದ್ದು ನೋಡಿ ‘ಹ್ಞಾ’ ಎಂದು ಉಸಿರು ಬಿಟ್ಟ, ದುಡ್ಡು ಬೇಡವೆಂದ. ಹೆಂಗಸರು ಅವನ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ದೆವ್ವದ ಪಾದ ಹಿಂದುಮುಂದಾಗಿರುತ್ತದೆಂಬುದು ಯಾರಿಗೆ ಗೊತ್ತಿಲ್ಲ? ಅವನೋ, ಮನೆಯೊಳಗೂ ಬೂಟು ಬಿಚ್ಚುತ್ತಿರಲಿಲ್ಲ. ಹಿಮದಲ್ಲಿ ಕೊಳೆತ ಎಡಗಾಲಿನ ಎರಡು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಹೇಳಿದರೆ ಅವ್ವ ಅಳುತ್ತಾಳೆ ಎಂದು ಮೊದಲ ದಿನ ಮುಚ್ಚಿಟ್ಟ, ಎರಡನೆಯ ದಿನ ಯಾರೂ ಕೇಳಲಿಲ್ಲ, ಆಮೇಲೆ ಬಿಚ್ಚುವುದೇ ನಾಚಿಕೆಯಾಯಿತು. ಅವನಿಗೇ ಕೆಲವು ಸಲ ಅನುಮಾನ ಬರುತ್ತಿತ್ತು. ಮೇಲೆ, ಹಿಮದ ಗಡಿಯ ಡೇರೆಯೊಂದರಲ್ಲಿ, ಚಳಿ ಕೊರೆಯುತ್ತ ಕೊರೆಯುತ್ತ ಒಂದು ಗಳಿಗೆಯಲ್ಲಿ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಎಷ್ಟು ಸುಖವಾಗಿತ್ತು ಅದು. ‘ಚಳಿ ನಿಂತಿತು ಅನಿಸಿದರೆ ಅಲ್ಲಿಗೆ ಮುಗಿಯಿತು ಅಂತ ತಿಳಿ’ ಎಂದು ಡಾಕ್ಟರು ಆಮೇಲೆ ನಗುತ್ತ ಹೇಳಿದ್ದರು. ಆ ಗಳಿಗೆಯಿಂದ ಈಚೆಗೆ ತನ್ನ ಸುತ್ತ ಎಲ್ಲದರ ಸದ್ದೂ ಸ್ವಲ್ಪ ಕಡಿಮೆಯಾಗಿದೆ. ಫೋನು ಅಲ್ಲೇ ಹಿಮದಲ್ಲಿ ಹೋಯಿತು. ಆಸ್ಪತ್ರೆಯಲ್ಲಿ ಬೇರೆಯವರ ಫೋನುಗಳು ಬೇಕಾದಷ್ಟಿದ್ದವು, ಚಂದ್ರಿಕಾಳ ನಂಬರು ಬಾಯಿಪಾಠವಿತ್ತು. ಮನೆಗೆ ನಾನೇ ಹೇಳ್ತೀನಿ ಎಂದು ಸಾಹೇಬರಿಗೂ ಹೇಳಿದ್ದ. ನಾಳೆ ಮಾಡೋಣ, ನಾಳೆ ಮಾಡೋಣ ಎನ್ನುತ್ತ ಮಳೆಗಾಲ ಕಳೆದುಬಿಟ್ಟ. ಇಲ್ಲಿಂದ ಯಾರೋ ಯಾವುದೋ ನಂಬರಿಗೆ ಮಾಡಿದರೆ ಆ ಕಡೆಯವರು ಹಿಂದಿಯಲ್ಲಿ ಏನೋ ಅಂದು ಇಟ್ಟರಂತೆ. ಅದನ್ನು ಕೇಳಿ ಅವನು ಸತ್ತೇಹೋದನೇನೋ ಎಂದು ಮನೆಯವರು ಹೆದರಿದ್ದು ಅವನಿಗೆ ಈಚೆಗೆ ಗೊತ್ತಾದದ್ದು. ಗೊತ್ತಾದಾಗ ಎದೆ ಚುಳ್ಳೆಂದಿತು, ನಿಜ. ಅದರ ಹಿಂದೆಯೇ, ಯಾರ ಕೈಗೂ ಸಿಗದೆ ಮಲಗಿದ್ದ ಆ ದಿನಗಳ ಹಿತವೂ ನೆನಪಾಯಿತು. ಇಂಥ ಹಿತ ಬದುಕಿರುವವರಿಗೆ ಬರುತ್ತದೆಯೇ?

ಮಧ್ಯಾಹ್ನ ಬಾಳ್ಳುಪೇಟೆಯ ಬಸ್ಸಿನಲ್ಲಿ ಅವನ ಪಕ್ಕ ಗಿಡ್ಡಯ್ಯ ಕೂತಿದ್ದ. ಮುಂದಿನ ಸೀಟು ಖಾಲಿಯಿದ್ದರೂ ಹೆಂಗಸೊಬ್ಬಳು ಇವರನ್ನು ನೋಡಿ ಹಿಂದಕ್ಕೆ ಹೋದಳು. ಗಿಡ್ಡಯ್ಯ ಎಲೆಯಡಿಕೆಯ ಸಂಚಿ ಬಿಚ್ಚಿದ, ಕಟ್ಟಿದ, ಕಿಟಕಿಯಾಚೆ ಹಸಿರುಗಾಯಿ ಕಟ್ಟಿದ್ದ ಕಾಫಿಯನ್ನು ನೋಡಿದ, ಕೊನೆಗೆ ತಡೆಯಲಾರದೆ ಕಿವಿಯ ಹತ್ತಿರ ಬಂದ.

“ಅಲ್ಲ ಕಣೋ, ಅವತ್ತು ನಿಮ್ಮಪ್ಪ ಬಂದಿದ್ನಾ?”

“ಎಲ್ಲಿಗೆ ದೊಡ್ಡಪ್ಪ?”

“ಎಡೆಗೆ. ಅವನ ಎಲೆ ಒತ್ತಿನಾಗೇ ಐತಲ್ಲ. ಏನಾದ್ರೂ ಅಂದ್ನಾ? ಆ ಮೇಲಿನ ತೋಟದ ವಿಚಾರ ಅವನಿಗೆ ನನ್ ಮ್ಯಾಲೆ ಮನಸಲ್ಲಿತ್ತು.”

“ದೊಡ್ಡಪ್ಪ, ನಾನು ಬದ್ಕಿದೀನಿ.”

“ಇಲ್ಲ ಅಂದೋರ್ಯಾರು? ಬದ್ಕಿರು ಮಾರಾಯ, ಚೆನ್ನಾಗ್ ಬದ್ಕಿರು. ಕೇಳ್ದೆ ಅಷ್ಟೆ.” ಗಿಡ್ಡಯ್ಯ ಬೇಜಾರು ಮಾಡಿಕೊಂಡು ಆ ಕಡೆ ತಿರುಗಿ ಕೂತ.

ಧರ್ಮನಿಗೆ ಹೇಳಿಬಿಡಬೇಕೆನಿಸಿತು. ಏನನ್ನು? ಉಣ್ಣುತ್ತಿದ್ದಾಗ ಬ್ರಾಂದಿಯ ವಾಸನೆ ಎಡಗಡೆಯಿಂದ ಉಸಿರಿನ ಹಾಗೆ ಬೆಚ್ಚಗೆ ಬಂದು ಹೋಯಿತು ಎಂದೇ? ಹೇಳಿದ್ದರೆ ಮುದುಕ ನೆಮ್ಮದಿಯಾಗಿರುತ್ತಿದ್ದ. ಮೇಲಿನ ತೋಟದ ವಿಷಯ ಅಪ್ಪ ಮರೆತಿದ್ದಾನೆ ಎಂದೂ ಸೇರಿಸಬಹುದಿತ್ತು. ಸತ್ತವರ ಕಡೆಯವನಾಗಿ ಮಾತಾಡುವುದು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎನಿಸಿ ಅವನ ಮೈ ಜುಮ್ಮೆಂದಿತು. ಬಸ್ಸು ಹೆದ್ದಾರಿಗೆ ಬಂದು ನಿಂತಿತು. ಮಂಗಳೂರಿನ ಕಡೆ ಹೋಗುವ ಲಾರಿಗಳ ಸದ್ದಿನಲ್ಲಿ ಕಂಡಕ್ಟರು ಗಿಡ್ಡಯ್ಯನನ್ನು ಕೈಹಿಡಿದು ಇಳಿಸಿದ. ಧರ್ಮ ಇಳಿಯುವಾಗ ಆ ಕೈ ಹಿಂದಕ್ಕೆ ಹೋಯಿತು. ಕಂಡಕ್ಟರಿಗೆ ಅವನು ಯಾರೆಂದು ಗೊತ್ತಿರಲು ಸಾಧ್ಯವಿಲ್ಲ. ಬೂಟು ಹಾಕಿದ ಗಟ್ಟಿ ಆಳಿಗೆ ಯಾಕೆ ಕೈ ಕೊಡಬೇಕು, ಅಷ್ಟೇ ಇರಬೇಕು.

ಅತ್ತೆ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಇವರನ್ನು ನೋಡಿ ಒಳಗೆ ಹೋಗಿ ಒಂದು ಬಿಂದಿಗೆ ನೀರು ತಂದು ಜಗಲಿಯ ಮುಂದಿಟ್ಟಳು. “ಕಾಲ್ ತೊಳ್ಕೊಂಡ್ ಬಾರಣ್ಣ,” ಎಂದಳು ಗಿಡ್ಡಯ್ಯನಿಗೆ. ಮುದುಕ ತೊಳೆದುಕೊಂಡು ಮೇಲೆ ಹೋಗಿ ಕೂತ. ಬಿಂದಿಗೆಯಲ್ಲಿ ಇನ್ನೂ ನೀರಿತ್ತು. ಅತ್ತೆ ಹೋಗಲಿಲ್ಲ, ಬಾ ಎನ್ನಲೂ ಇಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ಒಬ್ಬಳು, ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತರು. ಮದುವೆಗೆ ಹೆಣ್ಣು ಕೇಳಲು ಹೋದ ಗಂಡುಗಳು ದುಡಿಮೆ ಹೇಳಿಕೊಳ್ಳುತ್ತಾರೆ, ಹೊಲ ತೋಟ ಹೇಳಿಕೊಳ್ಳುತ್ತಾರೆ. ತಾನು ಮಾತ್ರ ಕಾಲು ತೋರಿಸಬೇಕಾಗಿ ಬಂತಲ್ಲ ಎಂದು ಧರ್ಮನಿಗೆ ಅಳುವಷ್ಟು ಅವಮಾನವಾಯಿತು. ಜಗಲಿಯ ಅಂಚಿನಲ್ಲಿ ಕೂತು ಬಲಗಾಲಿನ ಬೂಟು ಬಿಚ್ಚಿದ. ಪಾದ ಮುಂದಕ್ಕೇ ಇತ್ತು. ಎಡಗಾಲಿನದನ್ನು ಬಿಚ್ಚಿ, ಕಾಲುಚೀಲ ಎಳೆದು, ಪಾದವನ್ನು ಹಗಲಿನ ಬೆಳಕಿಗೆ ಇಟ್ಟ. ಬೆರಳಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಗುಲಾಬಿ ಬಣ್ಣದಲ್ಲಿ ಹೊಳೆಯಿತು.

ಅತ್ತೆ ಬಗ್ಗಿ ನೋಡಿದಳು. “ಬೆರಳೆಲ್ಲಪ್ಪ?”

“ಅಲ್ಲೇ ಉಳ್ಕೊಂಡ್ವು ಅತ್ತೆ. ಹಿಮಕ್ಕೆ ಹೋದ್ವು.”

“ಹಂಗಾರೆ ನೀನು ಒಂದಿಷ್ಟು ಇನ್ನೂ ಅಲ್ಲೇ ಇದ್ದೀಯ ಅನ್ನು.” ಅವಳು ಕುಹಕವಾಡಲಿಲ್ಲ, ಸಂತೆಯಲ್ಲಿ ಕಡಿಮೆ ತೂಗಿದ್ದನ್ನು ಹೇಳುವಂತೆ ಹೇಳಿದಳು. ಆಮೇಲೆ ತಾನೇ ಕೂತು ಆ ಕಾಲಿಗೆ ನೀರು ಹೊಯ್ದಳು. ನೀರು ತಣ್ಣಗಿತ್ತೋ ಬಿಸಿಯಿತ್ತೋ ಆ ಜಾಗಕ್ಕೆ ಗೊತ್ತಾಗಲಿಲ್ಲ. “ನಂಗೇನು ಅಡ್ಡಿಯಿಲ್ಲ ಕಣಪ್ಪ. ಅಣ್ಣನ ಮಗ, ಎರಡ್ ಬೆರಳು ಕಮ್ಮಿ ಆದ್ರೆ ಏನು. ಇವ್ಳೇ ಬ್ಯಾಡ ಅಂತಾವ್ಳೆ. ಹೆದ್ರಿಕೇನಾ ಅಂದ್ರೆ ಅಲ್ಲ ಅಂತಾಳೆ, ಮತ್ತೇನ್ ಅಂದ್ರೆ ಬಾಯಿ ಬಿಡಕ್ಕಿಲ್ಲ. ಡೈರಿಲಿ ಹಾಲ್ ಹಾಕುಸ್ಕೊತಾವ್ಳೆ. ನೀನೇ ಹೋಗಿ ಕೇಳು.”

ಡೈರಿಯೆಂದರೆ ರಸ್ತೆ ತಿರುವಿನ ಆಚೆಗಿನ ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ಸಂಜೆಯ ಹಾಲಿಗೆ ಜನ ಕ್ಯಾನು ಹಿಡಿದು ಸಾಲು ನಿಂತಿದ್ದರು. ಚಂದ್ರಿಕಾ ಪ್ರತಿಯೊಬ್ಬರ ಹಾಲಿನಿಂದ ಒಂದು ಚೂರು ಎತ್ತಿ ಕೊಬ್ಬು ಅಳೆಯುವ ಮೆಷಿನ್ನಿಗೆ ಇಡುತ್ತಿದ್ದಳು, ಉಳಿದದ್ದನ್ನು ದೊಡ್ಡ ಕ್ಯಾನಿಗೆ ಸುರಿಯುತ್ತಿದ್ದಳು. ಅವನು ಸಾಲಿನ ಕೊನೆಗೆ ಹೋಗಿ ನಿಂತ. ಅವನ ಮುಂದಿದ್ದವನು ಯಾಕೋ ತಿರುಗಿ ನೋಡಿ, ಸ್ವಲ್ಪ ಸರಿದ. ಅವನ ಮುಂದಿದ್ದವಳೂ ಸರಿದಳು. ಚಂದ್ರಿಕಾ ತಲೆಯೆತ್ತಿ ಅವನನ್ನು ಕಂಡಳು. ಕೈ ನಿಲ್ಲಲಿಲ್ಲ. ಬೇಗ ಬೇಗ ಹಾಲು ಹಾಕಿ ಜನ ಖಾಲಿಯಾದರು. ಹಾಲಿನ ವ್ಯಾನು ಬರುವುದಕ್ಕೆ ಇನ್ನೂ ಹೊತ್ತಿತ್ತು. ಗದ್ದೆಯ ಕಡೆಯಿಂದ ಮಂಜು ಎದ್ದು ಚಪ್ಪರದ ಕಂಬದ ತನಕ ಬಂದು ನಿಂತಿತ್ತು. ಅವಳು ನೆಲಕ್ಕೆ ನೀರು ಹಾಕಿ ಕಡ್ಡಿ ಪೊರಕೆಯಿಂದ ಉಜ್ಜತೊಡಗಿದಳು. ಉಜ್ಜುವುದು ನೋಡಿದರೆ ನೆಲದ ಮೇಲೆ ಏನೋ ಹಗೆಯಿದೆ ಎನ್ನಬೇಕು.

“ಚಂದ್ರಿ, ಅವತ್ತು ನಿನ್ ಮುಖ ಯಾಕೆ ಹಂಗಿತ್ತು?” ಎಂದು ಕೇಳಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಬೇರೆ ಮಾತುಗಳೆಲ್ಲ ಹೋಗಿದ್ದವು.

ಅವಳು ಪೊರಕೆ ಬಿಡಲಿಲ್ಲ. “ನೀನು ಕೂತ್ಯಲ್ಲ, ಆ ಎಲೆ ಇಟ್ಟಿದ್ದು ನಾನು ಬಾವ.”

“ಹೆಸರಿಲ್ದೋರ ಎಲೆ ಅಲ್ವಾ ಅದು.”

“ಹೆಸರು ಬಾಯಲ್ಲಿ ಹೇಳಲ್ಲ ಅಷ್ಟೆ. ಇಡೋಳು ಮನಸಲ್ಲಿ ಒಬ್ರನ್ನ ನೆನಸ್ಕೊಂಡು ಕರೀಬೇಕು. ಮದ್ವೆ ಆಗ್ದಿರೋ ಹೆಣ್ಮಕ್ಳು ಇಡೋದು ಅದನ್ನ, ಗಂಡಸ್ರಿಗೆ ಗೊತ್ತಿರಲ್ಲ. ಪ್ರತಿ ವರ್ಷ ಅಜ್ಜಿ ತಮ್ಮ ಯಾರೋ ಘಟ್ಟ ಇಳ್ದು ಹೋದೋನು ಬರಲೇ ಇಲ್ವಂತೆ, ಅವನ್ನ ಕರೀತಿದ್ದೆ. ಈ ಸಲ ನಿನ್ನ ಕರುದೆ.”

ಧರ್ಮ ಕಂಬ ಹಿಡಿದುಕೊಂಡ. ಕಬ್ಬಿಣ ತಣ್ಣಗಿತ್ತು.

“ಮಳೆಗಾಲ ಪೂರ್ತಿ ಕಾದೆ. ಫೋನು ಬೆಳಕಾದ್ರೆ ನೀನೇ ಅಂತ. ಹಾಲಿನ ಕೈಯಲ್ಲೇ ಎತ್ತಿ ಎತ್ತಿ ಆ ಫೋನೂ ಕೆಟ್ಟೋಯ್ತು. ಸಾಕಾಗೋಯ್ತು ನಂಗೆ. ಸತ್ತೋಗವ್ನೆ ಅಂತ ಅಂದ್ಕೊಂಬುಟ್ರೆ ಕಾಯೋದಾದ್ರೂ ತಪ್ತದೆ ಅನ್ನುಸ್ತು. ಎಲೆ ಹಾಸಿ, ಮನಸಲ್ಲಿ ನಿನ್ ಹೆಸರು ಹೇಳಿ, ಬಾ ಉಣ್ಣು, ಉಂಡು ಹೋಗು ಅಂದೆ. ಕಡುಬಿಗೆ ಬೆಣ್ಣೆ ಜಾಸ್ತಿ ಹಾಕ್ದೆ. ಆಮೇಲೆ ಅಂಗಳದಲ್ಲಿ ನಿಂತ್ಕೊಂಡು ಅಳ್ತಿದ್ದೆ, ಯಾರೂ ನೋಡ್ಲಿಲ್ಲ. ಬಾಗ್ಲು ತೆಗುದ್ರೆ ನೀನು. ಅದೇ ಎಲೆ ಮುಂದೆ.”

“ಹೆದರಿಕೆ ಆಗ್ಲಿಲ್ವಾ?”

“ಖುಷಿ ಆಯ್ತು.” ಈಗ ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಅವನನ್ನು ನೋಡಿದಳು. “ಅಷ್ಟು ಖುಷಿ ನಂಗೆ ಜನ್ಮದಲ್ಲಿ ಆಗಿರ್ಲಿಲ್ಲ. ಸತ್ರೂ, ಕರುದ್ರೆ ಬಂದ್ನಲ್ಲ ಅಂತ. ಇನ್ನೇನ್ ಬೇಕು ಅಂದ್ಕೊಂಡೆ. ಆಮೇಲೆ ಎಲ್ಲಾ ಸೇರ್ಕೊಂಡು ಬದ್ಕೇ ಅವ್ನೆ ಅಂತ ಕೂಗುದ್ರಲ್ಲ, ಆಗ ಹೊಟ್ಟೆ ಉರಿದೋಯ್ತು. ಸತ್ತೋಗಿದ್ರೆ ಫೋನ್ ಮಾಡ್ದೆ ಇದ್ದಿದ್ದಕ್ಕೆ ಒಂದ್ ಕಾರಣ ಇರ್ತಿತ್ತು ಬಾವ. ಬದ್ಕಿದ್ದೋನಿಗೆ ಏನ್ ಕಾರಣ ಇತ್ತು? ಹೇಳು.”

ಹೇಳಲು ಅವನ ಬಳಿ ಗಾಯವಿತ್ತು, ಹಿಮವಿತ್ತು, ಸಿಗ್ನಲ್ ಇಲ್ಲದ ಬೆಟ್ಟವಿತ್ತು. ಕಾಲು ತೋರಿಸಿದರೂ ಸಾಕಿತ್ತೇನೋ, ಅತ್ತೆ ಕರಗಿದ ಹಾಗೆ ಇವಳೂ ಕರಗುತ್ತಿದ್ದಳು. ಬೂಟಿನೊಳಗೆ ಇಲ್ಲದ ಬೆರಳುಗಳು ಕಚಗುಳಿಯಿಟ್ಟವು. “ಕಾರಣ ಇರ್ಲಿಲ್ಲ,” ಎಂದ. “ಫೋನು ಪಕ್ಕದಲ್ಲೇ ಇತ್ತು. ಯಾರಿಗೂ ನಾನೆಲ್ಲಿದೀನಿ ಅಂತ ಗೊತ್ತಿಲ್ದೆ ಇರೋದು ಹಿತವಾಗಿತ್ತು ಚಂದ್ರಿ. ಅವ್ವ ನೆನಪಾಗ್ತಿದ್ಳು, ನೀನು ನೆನಪಾಗ್ತಿದ್ದೆ, ಎಲ್ಲೋ ದೂರ್ದಲ್ಲಿ ಯಾರ್ದೋ ಮನೆ ದೀಪ ನೋಡ್ದಂಗೆ. ಅಲ್ಲೇ ಇದ್ಬುಡ್ಬೋದಿತ್ತು ಅನ್ನುಸ್ತಿತ್ತು.”

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು, ಮಂಜಿನೊಳಗಿಂದ ಸದ್ದು ಮಾತ್ರ ಬಂತು.

“ಮತ್ತೆ ಬಂದಿದ್ದು ಯಾಕೆ? ನೀನಾಗೇ ಬಂದ್ಯಾ, ನಾನು ಕರುದ್ನಲ್ಲ ಅದಕ್ಕೆ ಬಂದ್ಯಾ?”

ಅವನು ಯೋಚಿಸಿದ. ಅವತ್ತು ಬೆಳಿಗ್ಗೆ ಆಲೂರಿನಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದು ನಿಜ. ಹಾಸನಕ್ಕೆ ವಾಪಸು ಹೋಗಿ ಯಾವುದಾದರೂ ಲಾಡ್ಜಿನಲ್ಲಿ ರಜೆ ಮುಗಿಸಿಬಿಡೋಣ ಎಂದುಕೊಂಡದ್ದೂ ನಿಜ. ಆ ಮೂಕಿ ಚಿತ್ರದ ತಮಾಷೆ ನೆನಪಾದದ್ದು ಆಮೇಲೆ, ಎದ್ದು ಹೊಸಕೋಟೆಯ ಬಸ್ಸು ಹತ್ತಿದ ಮೇಲೆ. ಎದ್ದದ್ದು ಯಾಕೆ? ಕಾಲು ತಾನಾಗಿ ಎದ್ದಿತ್ತು. ಅದು ಅವಳು ಎಲೆ ಹಾಸುತ್ತಿದ್ದ ಹೊತ್ತೇ ಇರಬಹುದು. ಈ ಯೋಚನೆ ಬಂದದ್ದೇ ಅವನ ಬೆನ್ನಿನ ಮೇಲೆ ಯಾರೋ ಒದ್ದೆ ಕೈಯಿಟ್ಟ ಹಾಗಾಯಿತು.

“ಗೊತ್ತಿಲ್ಲ,” ಎಂದ.

“ಕರುದ್ರೆ ಬಂದೋನು ಯಾರೋ, ಅವನ್ನ ನಾನು ಕಣ್ಮುಚ್ಕೊಂಡು ಮದ್ವೆ ಆಗ್ತಿದ್ದೆ. ನಿನ್ನ ನಂಗೆ ಗುರುತಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವತ್ತು ಹೋಗು. ನಾಳೆ ಹಾಲಿನ ಹೊತ್ತಿಗೆ ಬಾ. ನಾನು ಮಾತ್ರ ಕರಿಯಲ್ಲ. ಬಾಯಲ್ಲೂ ಕರಿಯಲ್ಲ, ಮನಸಲ್ಲೂ ಕರಿಯಲ್ಲ. ಆವಾಗ ಬತ್ತೀಯೋ ಇಲ್ವೋ ನೋಡಾನ.”

ಅವನು ರಸ್ತೆಗೆ ಇಳಿದ. ನಾಳೆ ಎನ್ನುವ ಮಾತು ಅವನಿಗೆ ಹೊಸದಲ್ಲ. ಆಸ್ಪತ್ರೆಯ ಮಂಚದ ಮೇಲೆ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದನೋ. ಇನ್ನೇನು ಅತ್ತೆಯ ಮನೆಯ ಜಗಲಿ, ದೊಡ್ಡಪ್ಪನ ಗೊರಕೆ, ಕೊನೆಯ ಬಸ್ಸು, ಉಪ್ಪಿಲ್ಲದ ಅನ್ನ. ನಾಳೆ ಸಂಜೆ ಈ ದಾರಿಯಲ್ಲಿ ತಾನು ನಡೆದು ಬರುತ್ತಿರುವುದನ್ನು ಕಲ್ಪಿಸಿಕೊಳ್ಳಲು ನೋಡಿದ. ದಾರಿ ಕಂಡಿತು, ಮಂಜು ಕಂಡಿತು, ನಡೆಯುವವನು ಕಾಣಲಿಲ್ಲ. ತಿರುವಿನಲ್ಲಿ ನಿಂತ. ಹಿಂದಿನಿಂದ ಏನಾದರೂ ಕೇಳುತ್ತದೆಯೇ ಎಂದು ಕಿವಿಗೊಟ್ಟ. ನೀರು ಸುರಿಯುವ ಸದ್ದು, ಕ್ಯಾನಿನ ಮುಚ್ಚಳದ ಸದ್ದು, ಅಷ್ಟೇ. ಯಾರೂ ಎಳೆಯುತ್ತಿರಲಿಲ್ಲ. ಕಾಲು ಅಲ್ಲೇ ನಾಟಿಕೊಂಡ ಹಾಗೆ ನಿಂತಿತು. ಎಡಗಾಲನ್ನು ಎತ್ತಿ ತಿರುಗಿಸಿ ಇಡುವುದಕ್ಕೆ ಅವನು ಪಟ್ಟ ಪಾಡು ಹಿಮದಲ್ಲೂ ಪಟ್ಟಿರಲಿಲ್ಲ. ನೋವಾಯಿತು. ಬೆರಳಿದ್ದ ಕಡೆ, ಇಷ್ಟು ದಿನ ಸತ್ತಂತಿದ್ದ ಜಾಗದಲ್ಲಿ, ಬೆಂಕಿ ತಾಗಿದ ಹಾಗೆ ನೋವಾಯಿತು. ಕುಂಟುತ್ತ, ಹಾಳಾದ್ದು ಎಂದು ಬೈದುಕೊಳ್ಳುತ್ತ ವಾಪಸು ನಡೆದ.

ಚಂದ್ರಿಕಾ ಅವನಿಗೆ ಬೆನ್ನು ಮಾಡಿಕೊಂಡು, ಕುಕ್ಕರಗಾಲಲ್ಲಿ ಕೂತು ಅಳತೆಯ ಪಾತ್ರೆ ತೊಳೆಯುತ್ತಿದ್ದಳು. ಅವನು ಚಪ್ಪರದ ಕೆಳಗೆ ಬಂದು ನಿಂತ.

“ನಾಳೆ ಅಂದಿದ್ದೆ ನಾನು,” ಎಂದಳು, ತಿರುಗದೆ.

“ನಾಳೆ ತಂಕ ಆಗಲ್ಲ ಅನ್ನುಸ್ತು.”

ಅವಳು ಪಾತ್ರೆಯನ್ನು ಬೋರಲು ಹಾಕಿದಳು. ಎದ್ದು, ಹಾಲು ತುಂಬಿದ ದೊಡ್ಡ ಕ್ಯಾನಿನ ಒಂದು ಹಿಡಿಯನ್ನು ತಾನು ಹಿಡಿದು, ಇನ್ನೊಂದನ್ನು ಅವನ ಕಡೆಗೆ ತಿರುಗಿಸಿದಳು.

“ಹಿಡ್ಕೊ, ವ್ಯಾನ್ ಬತ್ತದೆ,” ಎಂದಳು. “ಸತ್ತೋರಾಗಿದ್ರೆ ಹೇಳಿದ್ ದಿವ್ಸಕ್ಕೇ ಬರೋರು.”